ಮಾನಸಿಕ ಅಸ್ವಸ್ಥರು, ವಿಕಲಚೇತನರು ಪೊಲೀಸರಿಗೆ ಎದುರಾದಾಗ ಕಾನೂನು ಏನು ಹೇಳುತ್ತದೆ? ಮುಂಬೈ ಪ್ರಕರಣಗಳು ಎತ್ತಿದ ಪ್ರಶ್ನೆಗಳೇನು? ಇಲ್ಲಿದೆ ಸಂಪೂರ್ಣ ಮಾಹಿತಿ

ಮುಂಬೈ: 2025ರ ಅಕ್ಟೋಬರ್ 30ರ ಮಧ್ಯಾಹ್ನ. ಮುಂಬೈನ ಪವಾಯಿ ಪ್ರದೇಶದ ಸ್ಟುಡಿಯೊ ಒಂದರಲ್ಲಿ ಆಡಿಷನ್‌ಗೆಂದು ಬಂದಿದ್ದ ಮಕ್ಕಳು ಊಟದ ಹೊತ್ತಾದರೂ ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ರೋಹಿತ್ ಆರ್ಯ ಎಂಬ ವ್ಯಕ್ತಿಯ ವಿಡಿಯೊ ಮೊಬೈಲ್‌ಗಳಲ್ಲಿ ಹರಿದಾಡತೊಡಗಿತು. ತಾನು ಭಯೋತ್ಪಾದಕನಲ್ಲ, ಹಣವೂ ಬೇಡ, ಕೆಲವರ ಜೊತೆ ಮಾತನಾಡಬೇಕು ಅಷ್ಟೇ ಎಂಬುದು ಆತನ ಮಾತಿನ ಸಾರಾಂಶವಾಗಿತ್ತು. ಆತ್ಮಹತ್ಯೆಯ ಯೋಚನೆ ಬಿಟ್ಟು ಈ ದಾರಿ ಹಿಡಿದಿರುವುದಾಗಿಯೂ ಆತ ಹೇಳಿಕೊಂಡಿದ್ದ.

ಸಂಜೆಯ ಹೊತ್ತಿಗೆ 17 ಮಕ್ಕಳು ಹಾಗೂ ಇಬ್ಬರು ದೊಡ್ಡವರು ಸುರಕ್ಷಿತವಾಗಿ ಹೊರಬಂದರು. ಶೌಚಾಲಯದ ಕಡೆಯಿಂದ ಒಳನುಗ್ಗಿದ ಪೊಲೀಸರು ಹಾರಿಸಿದ ಗುಂಡು ರೋಹಿತ್ ಆರ್ಯನ ಎದೆಗೆ ತಗುಲಿ ಆತ ಮೃತಪಟ್ಟ. ಸ್ಥಳದಲ್ಲಿ ಏರ್‌ಗನ್ ಹಾಗೂ ರಾಸಾಯನಿಕ ಸಿಕ್ಕಿರುವುದಾಗಿ ಪೊಲೀಸರು ತಿಳಿಸಿದರು. ಮಕ್ಕಳ ಪೋಷಕರು ನಿಟ್ಟುಸಿರು ಬಿಟ್ಟರು. ಆದರೆ ಗುಂಡು ಹಾರಿಸುವುದು ಅನಿವಾರ್ಯವಾಗಿತ್ತೇ, ಮಾತುಕತೆಗೆ ಇನ್ನಷ್ಟು ಸಮಯ ಕೊಡಬಹುದಿತ್ತೇ ಎಂಬ ಪ್ರಶ್ನೆ ಮರುದಿನದಿಂದಲೇ ಶುರುವಾಯಿತು. ತನಿಖೆ ಕ್ರೈಂ ಬ್ರಾಂಚ್‌ಗೆ ಹೋಯಿತು, ವಿಷಯ ಬಾಂಬೆ ಹೈಕೋರ್ಟ್ ಮೆಟ್ಟಿಲನ್ನೂ ಏರಿತು.

ಆರಂಭಿಕ ವರದಿಗಳಲ್ಲೇ ಆತನಿಗೆ 'ಮಾನಸಿಕ ಅಸ್ವಸ್ಥ' ಎಂಬ ಹಣೆಪಟ್ಟಿ ಬಿದ್ದಿತ್ತು. ಯಾವ ವೈದ್ಯರೂ ಆ ಹೊತ್ತಿನಲ್ಲಿ ಆತನನ್ನು ಪರೀಕ್ಷಿಸಿರಲಿಲ್ಲ. ಒಬ್ಬ ವ್ಯಕ್ತಿ ಮಾನಸಿಕ ಅಸ್ವಸ್ಥ ಎಂದು ಪೊಲೀಸರಿಗೆ ಅನ್ನಿಸಿದರೆ ಅವರು ಏನು ಮಾಡಬೇಕು? ಕಿವಿ ಕೇಳದವರು, ಕಣ್ಣು ಕಾಣದವರು, ಕೈ ನಡುಗುವ ವೃದ್ಧರು ಠಾಣೆಯ ಮೆಟ್ಟಿಲು ಹತ್ತಬೇಕಾಗಿ ಬಂದಾಗ ಕಾನೂನಿನಲ್ಲಿ ಅವರಿಗಿರುವ ರಕ್ಷಣೆ ಏನು? ಮುಂಬೈನ ಕೆಲವು ಪ್ರಕರಣಗಳ ಮೂಲಕ ಇದನ್ನು ಅರ್ಥ ಮಾಡಿಕೊಳ್ಳೋಣ.

ಪೊಲೀಸ್ ಗುಂಡಿಗೆ ಸಾವು ಸಂಭವಿಸಿದರೆ ಮುಂದೇನು?

'ಎನ್‌ಕೌಂಟರ್' ಎಂದರೆ ಇಂಗ್ಲಿಷಿನಲ್ಲಿ ಮುಖಾಮುಖಿ ಎಂದಷ್ಟೇ ಅರ್ಥ. ಮುಂಬೈನಲ್ಲಿ ಮಾತ್ರ ಆ ಪದಕ್ಕೆ ಬೇರೆಯದೇ ಅರ್ಥ ಅಂಟಿಕೊಂಡಿದೆ. 1995ರಿಂದ 1997ರ ನಡುವೆ ಮುಂಬೈ ಪೊಲೀಸರ ಸುಮಾರು 99 ಎನ್‌ಕೌಂಟರ್‌ಗಳಲ್ಲಿ ಸುಮಾರು 135 ಮಂದಿ ಸತ್ತರು ಎಂದು ಪಿಯುಸಿಎಲ್ ಸಂಘಟನೆ ಕೋರ್ಟ್ ಮೊರೆ ಹೋಗಿತ್ತು. ಅದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಸೆಪ್ಟೆಂಬರ್ 23ರಂದು 16 ಅಂಶಗಳ ಮಾರ್ಗಸೂಚಿ ನೀಡಿತು.

ಅದರ ಪ್ರಕಾರ ಪೊಲೀಸ್ ಗುಂಡಿಗೆ ಯಾರೇ ಸತ್ತರೂ ಎಫ್‌ಐಆರ್ ದಾಖಲಾಗಬೇಕು. ಸಿಐಡಿ ಅಥವಾ ಬೇರೆ ಠಾಣೆಯ ತಂಡ ಹಿರಿಯ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಸ್ವತಂತ್ರವಾಗಿ ತನಿಖೆ ನಡೆಸಬೇಕು. ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯ. ರಾಷ್ಟ್ರೀಯ ಅಥವಾ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಮಾಹಿತಿ ಹೋಗಬೇಕು. ಘಟನೆ ನಡೆದ ಬೆನ್ನಲ್ಲೇ ಅಧಿಕಾರಿಗೆ ಬಡ್ತಿ, ಶೌರ್ಯ ಪ್ರಶಸ್ತಿ ನೀಡುವಂತಿಲ್ಲ.

2008ರ ಅಕ್ಟೋಬರ್ 27ರಂದು ಕುರ್ಲಾದಲ್ಲಿ ಬೆಸ್ಟ್ ಬಸ್ಸಿನೊಳಗೆ ನಾಡಪಿಸ್ತೂಲು ಹಿಡಿದಿದ್ದ ಪಟ್ನಾದ ಯುವಕ ರಾಹುಲ್ ರಾಜ್ ಪೊಲೀಸರ ಗುಂಡಿಗೆ ಬಲಿಯಾದಾಗಲೂ ಇದೇ ಪ್ರಶ್ನೆ ಎದ್ದಿತ್ತು: ಆತನನ್ನು ಜೀವಂತ ಹಿಡಿಯಬಹುದಿತ್ತಲ್ಲವೇ? ಎರಡು ಘಟನೆಗಳ ನಡುವೆ 17 ವರ್ಷಗಳ ಅಂತರವಿದೆ. ಪ್ರಶ್ನೆ ಮಾತ್ರ ಹಾಗೇ ಉಳಿದಿದೆ.

2014ರ ಮಾರ್ಗಸೂಚಿ ಹೇಳುವುದು ಸಾವಿನ ನಂತರದ ಕ್ರಮಗಳ ಬಗ್ಗೆ. ಸಾವಿಗೆ ಮುಂಚಿನ ಆ ಕೆಲವು ನಿಮಿಷಗಳಲ್ಲಿ, ಎದುರಿಗಿರುವ ವ್ಯಕ್ತಿಯ ಮನಸ್ಸು ಕದಡಿದೆ ಎಂದು ಗೊತ್ತಾದಾಗ ಏನು ಮಾಡಬೇಕು ಎಂಬುದಕ್ಕೆ ಬೇರೆ ಕಾನೂನನ್ನು ನೋಡಬೇಕು.

ಏನಿದು ಸೆಕ್ಷನ್ 100?

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2018ರ ಮೇ 29ರಂದು ಜಾರಿಗೆ ಬಂತು. ಇದರ ಸೆಕ್ಷನ್ 100 ಪೂರ್ತಿಯಾಗಿ ಪೊಲೀಸರ ಕರ್ತವ್ಯಕ್ಕೆ ಮೀಸಲು. ಅದರ ಮುಖ್ಯಾಂಶಗಳು ಹೀಗಿವೆ:

* ಠಾಣಾ ವ್ಯಾಪ್ತಿಯಲ್ಲಿ ಅಲೆದಾಡುತ್ತಿರುವ, ಮಾನಸಿಕ ಕಾಯಿಲೆಯಿಂದ ತನ್ನನ್ನು ತಾನು ನೋಡಿಕೊಳ್ಳಲಾಗದ ವ್ಯಕ್ತಿಯನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ.
* ಕಾಯಿಲೆಯ ಕಾರಣದಿಂದ ತನಗೆ ಅಥವಾ ಇತರರಿಗೆ ಅಪಾಯ ತರಬಹುದಾದ ವ್ಯಕ್ತಿಗೂ ಇದು ಅನ್ವಯ.
* ಯಾಕೆ ಕರೆದೊಯ್ಯುತ್ತಿದ್ದೇವೆ ಎಂಬುದನ್ನು ಆ ವ್ಯಕ್ತಿಗೆ ಹೇಳಬೇಕು. ಅರ್ಥವಾಗದಿದ್ದರೆ ಅವರ ಪ್ರತಿನಿಧಿಗೆ ತಿಳಿಸಬೇಕು.
* ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆರೋಗ್ಯ ಸಂಸ್ಥೆಗೆ ಕರೆದೊಯ್ಯಬೇಕು.
* ಯಾವುದೇ ಸಂದರ್ಭದಲ್ಲೂ ಲಾಕಪ್‌ನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ.
* ಆಸ್ಪತ್ರೆಗೆ ದಾಖಲಿಸುವ ಅಗತ್ಯವಿಲ್ಲ ಎಂದು ವೈದ್ಯರು ಹೇಳಿದರೆ ಪೊಲೀಸರೇ ಮನೆಗೆ ಬಿಡಬೇಕು. ಮನೆ ಇಲ್ಲದವರನ್ನು ಸರ್ಕಾರಿ ಆಶ್ರಯ ಕೇಂದ್ರಕ್ಕೆ ಸೇರಿಸಬೇಕು.
* ಅಲೆದಾಡುತ್ತಿದ್ದವರ ವಿಷಯದಲ್ಲಿ ನಾಪತ್ತೆ ಪ್ರಕರಣದ ಎಫ್‌ಐಆರ್ ದಾಖಲಿಸಿ, ಕುಟುಂಬವನ್ನು ಹುಡುಕಿ ತಿಳಿಸಬೇಕು.

ಇಲ್ಲಿ 'ಬಂಧನ' ಎಂಬ ಪದವಿಲ್ಲ, 'ರಕ್ಷಣೆ' ಎಂಬ ಪದವಿದೆ ಎನ್ನುವುದು ಗಮನಾರ್ಹ. ಕಾಯಿಲೆ ಅಪರಾಧವಲ್ಲ, ಹಾಗಾಗಿ ಕೋಳವೂ ಬೇಡ, ಕಂಬಿಯೂ ಬೇಡ ಎಂಬುದು ಕಾನೂನಿನ ಆಶಯ.

ಮನೆಯೊಳಗೆ ಕೂಡಿಹಾಕಿ ಹಿಂಸಿಸುವ, ಆರೈಕೆ ಮಾಡದೆ ಬಿಡುವ ಪ್ರಕರಣಗಳು ಕಂಡುಬಂದರೆ ಸೆಕ್ಷನ್ 101ರಂತೆ ಠಾಣಾಧಿಕಾರಿ ಮ್ಯಾಜಿಸ್ಟ್ರೇಟ್‌ಗೆ ವರದಿ ಮಾಡಬೇಕು. ಸೆಕ್ಷನ್ 102ರ ಅಡಿ ಮ್ಯಾಜಿಸ್ಟ್ರೇಟ್ ಅಂಥವರನ್ನು ಪರೀಕ್ಷೆಗೆಂದು ಗರಿಷ್ಠ 10 ದಿನ ಆಸ್ಪತ್ರೆಗೆ ಸೇರಿಸಲು ಆದೇಶಿಸಬಹುದು. ಕಾಯ್ದೆ ಉಲ್ಲಂಘಿಸಿದರೆ ಮೊದಲ ಬಾರಿಗೆ 6 ತಿಂಗಳವರೆಗೆ ಜೈಲು ಅಥವಾ 10 ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ವಿಧಿಸಲು ಅವಕಾಶವಿದೆ. ಪೊಲೀಸ್ ಅಧಿಕಾರಿಗಳಿಗೆ ಕಾಲಕಾಲಕ್ಕೆ ಈ ಬಗ್ಗೆ ತರಬೇತಿ ಕೊಡಿಸುವುದು ಸರ್ಕಾರದ ಹೊಣೆ ಎಂದು ಸೆಕ್ಷನ್ 30 ಹೇಳುತ್ತದೆ.

ಬೀದಿಯಲ್ಲಿ ಅಲೆಯುವವರ ಕತೆ ಏನು?

ಮುಂಬೈ ದೇಶದ ಎಲ್ಲ ರೈಲುಗಳ ಕೊನೆಯ ನಿಲ್ದಾಣ ಎಂಬ ಮಾತಿದೆ. ಮನಸ್ಸಿನ ಸ್ಥಿಮಿತ ಕಳೆದುಕೊಂಡು ಊರು ಬಿಟ್ಟವರು ಯಾವುದೋ ರೈಲು ಹತ್ತಿ ಸಿಎಸ್‌ಎಂಟಿಯಲ್ಲೋ, ದಾದರ್‌ನಲ್ಲೋ, ಕುರ್ಲಾದಲ್ಲೋ ಇಳಿಯುತ್ತಾರೆ. ಊರಿನ ಹೆಸರು ಹೇಳಲು ಗೊತ್ತಾಗುವುದಿಲ್ಲ. ಹೇಳಿದರೂ ಆ ಭಾಷೆ ಠಾಣೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಕನ್ನಡವೋ ತೆಲುಗೋ ಬಂಗಾಳಿಯೋ ಮಾತನಾಡುವ ವ್ಯಕ್ತಿ ಹಿಂದಿ, ಮರಾಠಿಯ ಠಾಣೆಯಲ್ಲಿ ಮೂಕನೇ ಸರಿ.

1980ರ ದಶಕದಲ್ಲಿ ಮನೋವೈದ್ಯ ದಂಪತಿ ಡಾ. ಭರತ್ ವಾಟ್ವಾನಿ ಮತ್ತು ಡಾ. ಸ್ಮಿತಾ ವಾಟ್ವಾನಿ ತೆಂಗಿನ ಚಿಪ್ಪಿನಲ್ಲಿ ಚರಂಡಿ ನೀರು ಕುಡಿಯುತ್ತಿದ್ದ ಯುವಕನನ್ನು ಕಂಡರು. ತಮ್ಮ ಆಸ್ಪತ್ರೆಗೆ ಕರೆತಂದು ಚಿಕಿತ್ಸೆ ಕೊಟ್ಟಾಗ ಆತ ಆಂಧ್ರಪ್ರದೇಶದ ಬಿಎಸ್ಸಿ ಪದವೀಧರ ಎಂದು ಗೊತ್ತಾಯಿತು. ಆ ಅನುಭವದಿಂದ 1988ರಲ್ಲಿ ಶ್ರದ್ಧಾ ಪುನರ್ವಸತಿ ಪ್ರತಿಷ್ಠಾನ ಹುಟ್ಟಿತು. ಬೋರಿವಲಿಯಲ್ಲಿ ಆರಂಭವಾದ ಕೆಲಸ 2006ರಲ್ಲಿ ರಾಯಗಡ ಜಿಲ್ಲೆಯ ಕರ್ಜತ್‌ಗೆ ವಿಸ್ತರಿಸಿತು. ಬೀದಿಯಲ್ಲಿ ಸಿಕ್ಕವರಿಗೆ ಚಿಕಿತ್ಸೆ ಕೊಟ್ಟು, ಊರು ಪತ್ತೆ ಮಾಡಿ, ಮನೆಗೆ ತಲುಪಿಸುವ ಈ ಕಾರ್ಯಕ್ಕೆ ಡಾ. ಭರತ್ ವಾಟ್ವಾನಿ ಅವರಿಗೆ 2018ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇದರ ಪಕ್ಕದಲ್ಲೇ ಇನ್ನೊಂದು ಕಾನೂನಿದೆ: 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆ. ಭಿಕ್ಷೆಗಾಗಿ ಗಾಯ, ಊನ, ಕಾಯಿಲೆಯನ್ನು ತೋರಿಸುವುದು ಈ ಕಾಯ್ದೆಯ ಪ್ರಕಾರ 'ಭಿಕ್ಷಾಟನೆ'. ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು. ಸಿಕ್ಕಿಬಿದ್ದವರನ್ನು ಚೆಂಬೂರಿನ ಭಿಕ್ಷುಕರ ಗೃಹದಂಥ ಕೇಂದ್ರಗಳಿಗೆ ವರ್ಷಗಳ ಕಾಲ ಕಳುಹಿಸಲು ಅವಕಾಶವಿದೆ. ದೆಹಲಿಗೆ ಅನ್ವಯಿಸಲಾಗಿದ್ದ ಇದೇ ಕಾಯ್ದೆಯ ಹಲವು ಸೆಕ್ಷನ್‌ಗಳನ್ನು ದೆಹಲಿ ಹೈಕೋರ್ಟ್ 2018ರ ಆಗಸ್ಟ್‌ನಲ್ಲಿ ರದ್ದುಪಡಿಸಿತು.

ಅಂದರೆ ಫುಟ್‌ಪಾತ್ ಮೇಲೆ ಕೊಳಕು ಬಟ್ಟೆಯಲ್ಲಿ ಕುಳಿತು ತನ್ನಷ್ಟಕ್ಕೆ ಮಾತನಾಡಿಕೊಳ್ಳುತ್ತಿರುವ ವ್ಯಕ್ತಿಯನ್ನು ಕಾನ್‌ಸ್ಟೆಬಲ್ 'ರೋಗಿ' ಎಂದು ನೋಡಿದರೆ 24 ಗಂಟೆಯಲ್ಲಿ ಆಸ್ಪತ್ರೆ. 'ಭಿಕ್ಷುಕ' ಎಂದು ನೋಡಿದರೆ ಭಿಕ್ಷುಕರ ಗೃಹ. ಆ ವ್ಯಕ್ತಿಯ ಮುಂದಿನ ಬದುಕು ನಿಂತಿರುವುದು ಆ ಒಂದು ನೋಟದ ಮೇಲೆ.

ತಪ್ಪು ನೋಟದ ಬೆಲೆ ಎಷ್ಟಿರಬಹುದು ಎಂಬುದಕ್ಕೆ ಅಸ್ಸಾಂನ ಮಚಾಂಗ್ ಲಾಲುಂಗ್ ಉದಾಹರಣೆ. 1951ರಲ್ಲಿ ಬಂಧಿತರಾದ ಅವರನ್ನು ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಕಳುಹಿಸಲಾಯಿತು. 1967ರಲ್ಲೇ ಗುಣಮುಖರಾದರೂ ಮನೆಗೆ ಹೋಗದೆ ಜೈಲು ಸೇರಿದರು. ವಿಚಾರಣೆಯೇ ನಡೆಯದೆ 54 ವರ್ಷ ಕಳೆದು 2005ರಲ್ಲಿ ಬಿಡುಗಡೆಯಾದರು.

ಅಪರಾಧ ಮಾಡದ ಮಾನಸಿಕ ರೋಗಿಗಳನ್ನು ಜೈಲಿನಲ್ಲಿಡುವುದು ಅಸಾಂವಿಧಾನಿಕ ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿತ್ತು. ಪಶ್ಚಿಮ ಬಂಗಾಳದ ಜೈಲುಗಳ ಸ್ಥಿತಿಯ ಬಗ್ಗೆ ಆ ಅರ್ಜಿ ಸಲ್ಲಿಸಿದವರು ಪತ್ರಕರ್ತೆ ಶೀಲಾ ಬರ್ಸೆ. ಮುಂಬೈನ ಪೊಲೀಸ್ ಲಾಕಪ್‌ಗಳಲ್ಲಿ ಮಹಿಳೆಯರ ಸ್ಥಿತಿ ಬಗ್ಗೆ ಅವರು ಬರೆದ ಪತ್ರದಿಂದಲೇ 1983ರಲ್ಲಿ ಮಹಿಳೆಯರಿಗೆ ಪ್ರತ್ಯೇಕ ಲಾಕಪ್, ಮಹಿಳಾ ಕಾನ್‌ಸ್ಟೆಬಲ್‌ಗಳ ಕಾವಲು ಎಂಬ ತೀರ್ಪು ಬಂದಿತ್ತು.

ಆತ್ಮಹತ್ಯೆಗೆ ಯತ್ನಿಸಿದವರ ಮೇಲೆ ಕೇಸ್ ಹಾಕಬಹುದೇ?

ಹಿಂದೆ ಐಪಿಸಿ 309ರ ಅಡಿ ಆತ್ಮಹತ್ಯೆ ಯತ್ನ ಅಪರಾಧವಾಗಿತ್ತು. ಆಸ್ಪತ್ರೆಯ ಹಾಸಿಗೆ ಪಕ್ಕದಲ್ಲೇ ಪೊಲೀಸರು ಹೇಳಿಕೆ ಬರೆದುಕೊಳ್ಳುತ್ತಿದ್ದರು. 2017ರ ಕಾಯ್ದೆಯ ಸೆಕ್ಷನ್ 115 ಇದನ್ನು ಬದಲಿಸಿತು. ಆತ್ಮಹತ್ಯೆಗೆ ಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅದಕ್ಕಾಗಿ ವಿಚಾರಣೆ, ಶಿಕ್ಷೆ ಇಲ್ಲ. ಚಿಕಿತ್ಸೆ, ಪುನರ್ವಸತಿ ಕೊಡುವುದು ಸರ್ಕಾರದ ಕರ್ತವ್ಯ.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309 ಇಲ್ಲ. ಆದರೆ ಸರ್ಕಾರಿ ನೌಕರರನ್ನು ಕರ್ತವ್ಯದ ವಿಷಯದಲ್ಲಿ ಮಣಿಸಲು ಆತ್ಮಹತ್ಯೆಗೆ ಯತ್ನಿಸಿದರೆ ಸೆಕ್ಷನ್ 226ರ ಅಡಿ ಈಗಲೂ ಅಪರಾಧ.

ಪೊಲೀಸರು ಜೀವ ಉಳಿಸಿದ ಉದಾಹರಣೆಗೂ ಮುಂಬೈ ಸಾಕ್ಷಿಯಾಗಿದೆ. 2024ರ ಆಗಸ್ಟ್‌ನಲ್ಲಿ ಅಟಲ್ ಸೇತುವಿನ ತಡೆಗೋಡೆಯ ಹೊರಬದಿ ಕುಳಿತಿದ್ದ ಮಹಿಳೆಯೊಬ್ಬರು ಕೆಳಗೆ ಬೀಳುವಷ್ಟರಲ್ಲಿ ಕ್ಯಾಬ್ ಚಾಲಕ ಹಿಡಿದುಕೊಂಡರು. ಅಲ್ಲಿಗೆ ಧಾವಿಸಿದ ನ್ಹಾವಾ ಶೇವಾ ಸಂಚಾರ ಪೊಲೀಸರು ತಡೆಗೋಡೆ ಹತ್ತಿ ಅವರನ್ನು ಮೇಲೆತ್ತಿದರು. ಸಿಸಿಟಿವಿ ದೃಶ್ಯ ದೇಶದಾದ್ಯಂತ ವೈರಲ್ ಆಗಿತ್ತು.

ಸ್ಟ್ರಾ, ಸಿಪ್ಪರ್‌ಗಾಗಿ ಕೋರ್ಟ್ ಮೊರೆ: ಸ್ಟ್ಯಾನ್ ಸ್ವಾಮಿ ಪ್ರಕರಣ

ದೈಹಿಕ ವೈಕಲ್ಯವಿರುವ ವ್ಯಕ್ತಿ ಆರೋಪಿಯಾದರೆ ಏನಾಗುತ್ತದೆ? ಇದಕ್ಕೆ ಇಡೀ ದೇಶ ನೋಡಿದ ಉದಾಹರಣೆ ಫಾದರ್ ಸ್ಟ್ಯಾನ್ ಸ್ವಾಮಿ ಅವರದು. ತಮಿಳುನಾಡಿನ ತಿರುಚಿರಾಪಳ್ಳಿ ಮೂಲದ ಈ ಜೆಸ್ಯೂಟ್ ಪಾದ್ರಿ 1975ರಿಂದ 1986ರವರೆಗೆ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್ ನಿರ್ದೇಶಕರಾಗಿದ್ದರು. ಬಳಿಕ ಜಾರ್ಖಂಡ್‌ನಲ್ಲಿ ಆದಿವಾಸಿಗಳ ನಡುವೆ ಕೆಲಸ ಮಾಡಿದರು.

ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ರಾಷ್ಟ್ರೀಯ ತನಿಖಾ ದಳ (ಎನ್‌ಐಎ) 2020ರ ಅಕ್ಟೋಬರ್ 8ರಂದು ರಾಂಚಿಯಲ್ಲಿ ಅವರನ್ನು ಬಂಧಿಸಿತು. ಆಗ ಅವರಿಗೆ 83 ವರ್ಷ. ಪಾರ್ಕಿನ್ಸನ್ ಕಾಯಿಲೆಯಿಂದ ಕೈಗಳು ನಡುಗುತ್ತಿದ್ದವು, ಎರಡೂ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಮುಂಬೈನ ವಿಶೇಷ ಎನ್‌ಐಎ ಕೋರ್ಟ್‌ಗೆ ಹಾಜರುಪಡಿಸಿ ನವಿ ಮುಂಬೈನ ತಲೋಜಾ ಜೈಲಿಗೆ ಕಳುಹಿಸಲಾಯಿತು.

ಲೋಟ ಹಿಡಿದು ನೀರು ಕುಡಿಯಲು ಆಗುವುದಿಲ್ಲ, ಬಂಧನದ ವೇಳೆ ತೆಗೆದುಕೊಂಡ ಸ್ಟ್ರಾ ಮತ್ತು ಸಿಪ್ಪರ್ ವಾಪಸ್ ಕೊಡಿಸಿ ಎಂದು ಅವರು ನವೆಂಬರ್ ಆರಂಭದಲ್ಲಿ ಕೋರ್ಟ್‌ಗೆ ಅರ್ಜಿ ಹಾಕಿದರು. ಉತ್ತರಿಸಲು ಎನ್‌ಐಎ 20 ದಿನ ಕಾಲಾವಕಾಶ ಕೇಳಿತು. ನವೆಂಬರ್ 26ರಂದು, ತಾನು ಅಂಥ ವಸ್ತುಗಳನ್ನು ವಶಪಡಿಸಿಕೊಂಡೇ ಇಲ್ಲ ಎಂದು ತಿಳಿಸಿತು. ವಸ್ತುಗಳನ್ನು ಯಾರು ತೆಗೆದುಕೊಂಡರು ಎಂಬ ವಾದ ಏನೇ ಇರಲಿ, ಒಂದು ಸ್ಟ್ರಾ ವಿಷಯ ಕೋರ್ಟ್‌ನ ದಿನಾಂಕಗಳಲ್ಲಿ ವಾರಗಟ್ಟಲೆ ಓಡಾಡಿತು. ದೇಶದ ಹಲವೆಡೆಯಿಂದ ಜನ ಜೈಲಿನ ವಿಳಾಸಕ್ಕೆ ಸಿಪ್ಪರ್ ಕಳುಹಿಸಲು ಮುಂದಾದರು.

2021ರ ಮಾರ್ಚ್‌ನಲ್ಲಿ ಜಾಮೀನು ಅರ್ಜಿ ತಿರಸ್ಕೃತವಾಯಿತು. ಮೇ 21ರಂದು ವಿಡಿಯೊ ಮೂಲಕ ಬಾಂಬೆ ಹೈಕೋರ್ಟ್ ಮುಂದೆ ಹಾಜರಾದ ಸ್ವಾಮಿ, ಜೈಲಿಗೆ ಬಂದಾಗ ತಾನೇ ನಡೆಯುತ್ತಿದ್ದೆ, ತಾನೇ ಉಣ್ಣುತ್ತಿದ್ದೆ, ಈಗ ಒಂದೊಂದಾಗಿ ಎಲ್ಲವೂ ಕೈತಪ್ಪಿದೆ ಎಂಬರ್ಥದಲ್ಲಿ ಹೇಳಿಕೊಂಡರು. ಹೈಕೋರ್ಟ್ ಆದೇಶದಂತೆ ಬಾಂದ್ರಾದ ಹೋಲಿ ಫ್ಯಾಮಿಲಿ ಆಸ್ಪತ್ರೆಗೆ ಸ್ಥಳಾಂತರಿಸಲಾಯಿತು. ಅಲ್ಲಿ ಕೋವಿಡ್ ದೃಢಪಟ್ಟಿತು. ಜುಲೈ 5ರಂದು ಜಾಮೀನು ಅರ್ಜಿಯ ವಿಚಾರಣೆ ನಡೆಯುವ ಹೊತ್ತಿಗೇ ಅವರ ಸಾವಿನ ಸುದ್ದಿಯನ್ನು ವೈದ್ಯರು ಕೋರ್ಟ್‌ಗೆ ತಿಳಿಸಿದರು. ಅವರ ಮೇಲಿನ ಆರೋಪಗಳ ವಿಚಾರಣೆ ಶುರುವೇ ಆಗಿರಲಿಲ್ಲ.

ಆರೋಪ ಎಷ್ಟೇ ಗಂಭೀರವಾಗಿರಲಿ, ವೈಕಲ್ಯಕ್ಕೆ ತಕ್ಕ ಸೌಲಭ್ಯ ಕೊಡುವುದು ದಯೆಯಲ್ಲ, ಹಕ್ಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದನ್ನೇ ಹೇಳುತ್ತದೆ. ಮುರುಗಾನಂತಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ, ಜೈಲಿಗೆ ಬರುವಾಗಲೇ ವಿಕಲಚೇತನ ಕೈದಿಗಳನ್ನು ಗುರುತಿಸಬೇಕು, ಅವರಿಗೆ ತಕ್ಕ ಶೌಚಾಲಯ, ಇಳಿಜಾರು, ಚಿಕಿತ್ಸೆ ಇರಬೇಕು ಎಂದು ತಮಿಳುನಾಡಿನ ಜೈಲುಗಳಿಗೆ ನಿರ್ದೇಶನ ನೀಡಿದೆ.

ಬಂಧನದ ಹಂತದಲ್ಲೂ ರಕ್ಷಣೆ ಇದೆ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ ಅಶಕ್ತರನ್ನು ಅಥವಾ 60 ವರ್ಷ ಮೀರಿದವರನ್ನು ಬಂಧಿಸಲು ಡಿವೈಎಸ್‌ಪಿ ದರ್ಜೆಗಿಂತ ಕಡಿಮೆಯಲ್ಲದ ಅಧಿಕಾರಿಯ ಪೂರ್ವಾನುಮತಿ ಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 35(7) ಹೇಳುತ್ತದೆ.

ದೂರು ಕೊಡಲು ಹೋದಾಗ?

ವಿಕಲಚೇತನರು ಠಾಣೆಗೆ ಹೋಗುವುದು ಹೆಚ್ಚಾಗಿ ಆರೋಪಿಗಳಾಗಿ ಅಲ್ಲ, ನೊಂದವರಾಗಿ. ಲೋಕಲ್ ರೈಲಿನಲ್ಲಿ ತಮಗೆಂದೇ ಮೀಸಲಿಟ್ಟ ಬೋಗಿಯಲ್ಲಿ ಇತರರು ತುಂಬಿಕೊಳ್ಳುತ್ತಾರೆ ಎಂಬುದು ಮುಂಬೈನ ಹಳೆಯ ದೂರು. ದೂರು ಹೇಳಲು ಮಾತು ಬಾರದವರು, ಆರೋಪಿಯ ಮುಖ ಕಾಣದವರು ಎದುರು ಕುಳಿತಾಗ 'ಇವರ ಹೇಳಿಕೆ ಕೋರ್ಟ್‌ನಲ್ಲಿ ನಿಲ್ಲುತ್ತದೆಯೇ' ಎಂಬ ಅನುಮಾನ ಠಾಣೆಯಲ್ಲೇ ಹುಟ್ಟಿಕೊಳ್ಳುತ್ತದೆ.

ಈ ಅನುಮಾನಕ್ಕೆ ಸುಪ್ರೀಂ ಕೋರ್ಟ್ 2021ರ ಏಪ್ರಿಲ್ 27ರಂದು ಪಟಾನ್ ಜಮಾಲ್ ವಲಿ ಪ್ರಕರಣದಲ್ಲಿ ಉತ್ತರ ಕೊಟ್ಟಿದೆ. ಹುಟ್ಟು ಅಂಧೆಯೊಬ್ಬರು ಧ್ವನಿಯಿಂದ ಆರೋಪಿಯನ್ನು ಗುರುತಿಸಿದ ಪ್ರಕರಣವಿದು. ವೈಕಲ್ಯ ಇದೆ ಎಂಬ ಕಾರಣಕ್ಕೆ ಸಾಕ್ಷ್ಯ ದುರ್ಬಲವಾಗುವುದಿಲ್ಲ ಎಂದ ನ್ಯಾಯಪೀಠ, ಪೊಲೀಸರಿಗೆ ತರಬೇತಿ, ವಿಶೇಷ ಶಿಕ್ಷಕರು ಹಾಗೂ ಸಂಜ್ಞಾ ಭಾಷೆ ತಿಳಿದವರ ಪಟ್ಟಿ ಸಿದ್ಧಪಡಿಸುವಂತಹ ಸಲಹೆಗಳನ್ನು ನೀಡಿತು.

ಕಾನೂನಿನಲ್ಲಿರುವ ಇತರ ಅವಕಾಶಗಳು:

* ಲೈಂಗಿಕ ಅಪರಾಧಗಳಲ್ಲಿ ಸಂತ್ರಸ್ತರು ವಿಕಲಚೇತನರಾಗಿದ್ದರೆ, ಅವರ ಮನೆಯಲ್ಲಿ ಅಥವಾ ಅವರು ಹೇಳಿದ ಜಾಗದಲ್ಲಿ, ದುಭಾಷಿ ಅಥವಾ ವಿಶೇಷ ಶಿಕ್ಷಕರ ಸಮ್ಮುಖದಲ್ಲಿ ದೂರು ದಾಖಲಿಸಬೇಕು. ಅದರ ವಿಡಿಯೊ ಚಿತ್ರೀಕರಣ ಆಗಬೇಕು (ಸೆಕ್ಷನ್ 173).
* ಸಾಕ್ಷಿಯಾಗಿ ವಿಚಾರಣೆಗೆ ವಿಕಲಚೇತನರನ್ನು ಠಾಣೆಗೆ ಬರುವಂತೆ ಒತ್ತಾಯಿಸುವಂತಿಲ್ಲ, ಪೊಲೀಸರೇ ಅವರ ಮನೆಗೆ ಹೋಗಬೇಕು (ಸೆಕ್ಷನ್ 179).
* ಮಾತು ಬಾರದ ಸಾಕ್ಷಿಗಳು ಬರವಣಿಗೆ ಅಥವಾ ಸಂಜ್ಞೆಯ ಮೂಲಕ ಸಾಕ್ಷ್ಯ ನುಡಿಯಬಹುದು.
* ವಿಕಲಚೇತನರ ಮೇಲೆ ದೌರ್ಜನ್ಯ ಎಂದು ದೂರು ಬಂದರೆ, ರಕ್ಷಣೆ ಕೋರುವ ಹಕ್ಕು, ಉಚಿತ ಕಾನೂನು ನೆರವು, ಹತ್ತಿರದ ಪುನರ್ವಸತಿ ಸಂಸ್ಥೆಯ ಬಗ್ಗೆ ಪೊಲೀಸರೇ ತಿಳಿಸಬೇಕು (2016ರ ಕಾಯ್ದೆ, ಸೆಕ್ಷನ್ 7).
* ಸಾರ್ವಜನಿಕವಾಗಿ ಅವಮಾನಿಸುವುದು, ಹಲ್ಲೆ ಮಾಡುವುದು 6 ತಿಂಗಳಿಂದ 5 ವರ್ಷದವರೆಗೆ ಜೈಲು ಶಿಕ್ಷೆಗೆ ಅರ್ಹ ಅಪರಾಧ (ಸೆಕ್ಷನ್ 92).

ಶ್ರವಣ ದೋಷವುಳ್ಳವರಿಗಾಗಿ ಕೆಲಸ ಮಾಡುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಬಾಂದ್ರಾದಲ್ಲೇ ಇದೆ. ಆದರೂ ರಾತ್ರಿ 11 ಗಂಟೆಗೆ ಠಾಣೆಗೆ ಬಂದ ಕಿವುಡ ಯುವಕನ ಮಾತು ಯಾರಿಗೆ ಅರ್ಥವಾಗಬೇಕು? 'ನಿಲ್ಲು' ಎಂದು ಹಿಂದಿನಿಂದ ಕೂಗಿದಾಗ ನಿಲ್ಲದವನು ಓಡಿಹೋಗುತ್ತಿರುವ ಕಳ್ಳನೇ ಆಗಬೇಕಿಲ್ಲ, ಕೇಳಿಸದವನೂ ಆಗಿರಬಹುದು.

'ಮಾನಸಿಕ ಅಸ್ವಸ್ಥ' ಎಂಬ ಪದ ಎಚ್ಚರಿಕೆಯಿಂದ ಬಳಸಿ

2023ರ ಜುಲೈ 31ರಂದು ಜೈಪುರ–ಮುಂಬೈ ಎಕ್ಸ್‌ಪ್ರೆಸ್ ರೈಲಿನಲ್ಲಿ ಆರ್‌ಪಿಎಫ್ ಕಾನ್‌ಸ್ಟೆಬಲ್ ಚೇತನ್ ಸಿಂಗ್ ತನ್ನ ಹಿರಿಯ ಸಹೋದ್ಯೋಗಿ ಹಾಗೂ ಮೂವರು ಪ್ರಯಾಣಿಕರನ್ನು ಗುಂಡಿಟ್ಟು ಕೊಂದ ಆರೋಪ ಎದುರಿಸುತ್ತಿದ್ದಾನೆ. ಕೆಲವೇ ಗಂಟೆಗಳಲ್ಲಿ 'ಮಾನಸಿಕ ಅಸ್ವಸ್ಥ' ಎಂಬ ವಿವರಣೆ ಹೊರಬಂತು. ಆದರೆ ಘಟನೆಯ ವೇಳೆ ಆತನ ಮಾನಸಿಕ ಸ್ಥಿತಿ ಸರಿಯಾಗಿಯೇ ಇತ್ತು ಎಂಬುದು ಆರೋಪಪಟ್ಟಿ ಸಲ್ಲಿಸಿದ ರೈಲ್ವೆ ಪೊಲೀಸರ ವಾದ.

ಕಾಯಿಲೆಯ ಕಾರಣದಿಂದ ತಾನು ಮಾಡುತ್ತಿರುವುದು ಏನು, ಅದು ತಪ್ಪೋ ಸರಿಯೋ ಎಂದು ತಿಳಿಯದ ಸ್ಥಿತಿಯಲ್ಲಿದ್ದರೆ ಅದು ಅಪರಾಧವಲ್ಲ ಎಂದು ನ್ಯಾಯ ಸಂಹಿತೆಯ ಸೆಕ್ಷನ್ 22 ಹೇಳುತ್ತದೆ. ಇದನ್ನು ನಿರ್ಧರಿಸುವುದು ವೈದ್ಯಕೀಯ ಸಾಕ್ಷ್ಯ ನೋಡಿ ಕೋರ್ಟ್. ಪತ್ರಿಕಾಗೋಷ್ಠಿಯಲ್ಲೂ ಅಲ್ಲ, ಬ್ರೇಕಿಂಗ್ ನ್ಯೂಸ್‌ನಲ್ಲೂ ಅಲ್ಲ.

ಪ್ರತಿ ಹಿಂಸೆಗೂ ಮಾನಸಿಕ ಕಾಯಿಲೆಯೇ ಕಾರಣ ಎಂದು ಹೇಳುತ್ತಾ ಹೋದರೆ ಪೆಟ್ಟು ಬೀಳುವುದು ಮಾತ್ರೆ ನುಂಗಿಕೊಂಡು ಕೆಲಸಕ್ಕೆ ಹೋಗಿ ಬರುವ ಲಕ್ಷಾಂತರ ಸಾಮಾನ್ಯರಿಗೆ. ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇತ್ತು. ಬಹುತೇಕ ಸಮಸ್ಯೆಗಳಲ್ಲಿ ಶೇ 70ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಪೊಲೀಸ್ ಪೇದೆಯೂ ಈ ಲೆಕ್ಕದ ಹೊರಗಿಲ್ಲ.

ಬೇರೆ ಕಡೆ ಏನು ಮಾಡುತ್ತಾರೆ?

1987ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಚಾಕು ಹಿಡಿದಿದ್ದ ಮಾನಸಿಕ ರೋಗಿ ಯುವಕನೊಬ್ಬ ಪೊಲೀಸ್ ಗುಂಡಿಗೆ ಸತ್ತ. ಜನಾಕ್ರೋಶದ ಬಳಿಕ 1988ರಲ್ಲಿ ಅಲ್ಲಿನ ಪೊಲೀಸರು, ಮನೋವೈದ್ಯರು, ರೋಗಿಗಳ ಕುಟುಂಬಗಳು ಸೇರಿ ಹೊಸ ಪದ್ಧತಿ ರೂಪಿಸಿದರು. ಆಯ್ದ ಪೊಲೀಸರಿಗೆ 40 ಗಂಟೆಗಳ ತರಬೇತಿ. ಮೆಲ್ಲಗೆ ಮಾತನಾಡುವುದು, ಅಂತರ ಕಾಯ್ದುಕೊಳ್ಳುವುದು, ಸಮಯ ತೆಗೆದುಕೊಳ್ಳುವುದು, ಜೈಲಿನ ಬದಲು ಆಸ್ಪತ್ರೆಗೆ ಕರೆದೊಯ್ಯುವುದು ಇದರ ತಿರುಳು. 'ಮೆಂಫಿಸ್ ಮಾದರಿ' ಎಂದೇ ಇದು ಹೆಸರಾಗಿದೆ.

ಮುಂಬೈಗೆ ಸಂಪನ್ಮೂಲದ ಕೊರತೆ ಇಲ್ಲ. ಕೆಇಎಂ, ನಾಯರ್, ಸಯನ್, ಜೆಜೆ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗಗಳಿವೆ. ಠಾಣೆಯಲ್ಲಿ 1901ರಲ್ಲಿ ಶುರುವಾದ ಪ್ರಾದೇಶಿಕ ಮಾನಸಿಕ ಆಸ್ಪತ್ರೆ ಇದೆ. ನಿಯಂತ್ರಣ ಕೊಠಡಿಗೆ ಕರೆ ಬಂದಾಗ ಪೊಲೀಸ್ ವಾಹನದ ಜೊತೆ ಮನೋವೈದ್ಯರ ಒಂದು ದೂರವಾಣಿ ಸಂಪರ್ಕವೂ ಜೋಡಿಕೊಳ್ಳಬೇಕು ಎಂಬುದು ಬೇಡಿಕೆ.

ಕರ್ನಾಟಕಕ್ಕೂ ಇದು ಪಾಠ

ಕೇಂದ್ರದ ಕಾಯ್ದೆಗಳಾದ್ದರಿಂದ ಮೇಲಿನ ಎಲ್ಲ ಹಕ್ಕುಗಳೂ ಕರ್ನಾಟಕದಲ್ಲೂ ಅನ್ವಯ. ಭಿಕ್ಷಾಟನೆ ತಡೆಗೆ ರಾಜ್ಯದಲ್ಲಿ 1975ರ ಪ್ರತ್ಯೇಕ ಕಾಯ್ದೆ ಇದೆ. ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳ ಅಂತರದಲ್ಲಿ 20ಕ್ಕೂ ಹೆಚ್ಚು ಮಂದಿ ಸತ್ತ ಘಟನೆಯನ್ನು ಓದುಗರು ಮರೆತಿರಲಿಕ್ಕಿಲ್ಲ. ಬೀದಿಯಿಂದ ಎತ್ತಿಕೊಂಡು ಹೋದರೆ ಸಾಲದು, ಎಲ್ಲಿಗೆ ಎಂಬುದೂ ಮುಖ್ಯ ಎಂದು ಆ ಘಟನೆ ತೋರಿಸಿತ್ತು.

ಗಡಿನಾಡು ಕಾಸರಗೋಡಿನ ಮಂಜೇಶ್ವರದಲ್ಲಿ ಜೋಸೆಫ್ ಕ್ರಾಸ್ತಾ ಅವರು 2009ರಲ್ಲಿ ಆರಂಭಿಸಿದ ಸ್ನೇಹಾಲಯ, ಕರಾವಳಿಯ ಬೀದಿಗಳಲ್ಲಿ ಸಿಕ್ಕ ಮಾನಸಿಕ ರೋಗಿಗಳನ್ನು ಆರೈಕೆ ಮಾಡಿ ಮನೆಗೆ ಸೇರಿಸುವ ಕೆಲಸ ಮಾಡುತ್ತಿದೆ. ಕಾನೂನು ಠಾಣಾಧಿಕಾರಿಗೆ ವಹಿಸಿರುವ ಕೆಲಸದ ದೊಡ್ಡ ಪಾಲನ್ನು ಇಂಥ ಸಂಸ್ಥೆಗಳು ಹೊತ್ತುಕೊಂಡಿವೆ.

ನಿಮ್ಮ ಮನೆಯವರಿಗೆ ಹೀಗಾದರೆ ಏನು ಮಾಡಬೇಕು?

* ಮಾನಸಿಕ ಚಿಕಿತ್ಸೆಯಲ್ಲಿರುವವರು, ಬುದ್ಧಿಮಾಂದ್ಯರು, ಮಾತು ಬಾರದವರ ಜೇಬಿನಲ್ಲಿ ಹೆಸರು, ಊರು, ಮನೆಯವರ ಫೋನ್ ಸಂಖ್ಯೆ ಬರೆದ ಚೀಟಿ ಇರಲಿ. ಹೊರರಾಜ್ಯಕ್ಕೆ ಹೋಗುವುದಾದರೆ ಹಿಂದಿ ಅಥವಾ ಇಂಗ್ಲಿಷಿನಲ್ಲೂ ಬರೆದಿಡಿ.
* ವೈದ್ಯರ ಚೀಟಿ ಮತ್ತು ಯುಡಿಐಡಿ ಕಾರ್ಡ್‌ನ ಫೋಟೊವನ್ನು ನಿಮ್ಮ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ.
* 112ಕ್ಕೆ ಕರೆ ಮಾಡಿದಾಗ ಮೊದಲ ವಾಕ್ಯದಲ್ಲೇ 'ಇವರಿಗೆ ಮಾನಸಿಕ ಕಾಯಿಲೆ ಇದೆ' ಅಥವಾ 'ಕಿವಿ ಕೇಳುವುದಿಲ್ಲ' ಎಂದು ತಿಳಿಸಿ. ಕೈಯಲ್ಲಿ ಆಯುಧ ಇದೆಯೇ ಇಲ್ಲವೇ ಎಂಬುದನ್ನೂ ಹೇಳಿ.
* ಪೊಲೀಸರು ಲಾಕಪ್‌ಗೆ ಹಾಕಲು ಮುಂದಾದರೆ 2017ರ ಕಾಯ್ದೆಯ ಸೆಕ್ಷನ್ 100 ಅನ್ನು ನೆನಪಿಸಿ, ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುವಂತೆ ಕೇಳಿ. ಆಗದಿದ್ದರೆ ಹಿರಿಯ ಅಧಿಕಾರಿಗೆ ಅಥವಾ ಮ್ಯಾಜಿಸ್ಟ್ರೇಟ್‌ಗೆ ಲಿಖಿತ ದೂರು ಕೊಡಿ.
* ಬಂಧಿಸಿದ್ದರೆ ವೈದ್ಯಕೀಯ ಪರೀಕ್ಷೆ, ಔಷಧ, ಊರುಗೋಲು, ಶ್ರವಣ ಸಾಧನ, ಸಿಪ್ಪರ್‌ನಂಥ ಅಗತ್ಯಗಳನ್ನು ಮೊದಲ ಬಾರಿ ಕೋರ್ಟ್‌ಗೆ ಹಾಜರುಪಡಿಸುವ ದಿನವೇ ನ್ಯಾಯಾಧೀಶರ ಗಮನಕ್ಕೆ ತನ್ನಿ.
* ಮನೆಯವರು ಕಾಣೆಯಾದರೆ ತಡಮಾಡದೆ ನಾಪತ್ತೆ ದೂರು ಕೊಡಿ. ಎರಡೂ ಕಡೆ ದೂರು ದಾಖಲಾದರೆ ಮಾತ್ರ ಮುಂಬೈ ಠಾಣೆಯ ಕಡತ ನಿಮ್ಮೂರ ಠಾಣೆಯ ಕಡತಕ್ಕೆ ತಾಳೆಯಾಗುತ್ತದೆ.

ಪವಾಯಿಯ ಮಕ್ಕಳು ಮನೆ ಸೇರಿದ್ದು ದೊಡ್ಡ ಸಮಾಧಾನ. ಅದೇ ದಿನ ಇನ್ನೊಂದು ಜೀವವೂ ಉಳಿಯಬಹುದಿತ್ತೇ ಎಂಬ ಪ್ರಶ್ನೆಗೆ ತನಿಖೆ ಮತ್ತು ಕೋರ್ಟ್ ಉತ್ತರ ಹೇಳಬೇಕು. ಆದರೆ ಮುಂದಿನ ಕರೆ ಬಂದಾಗ ಮೊದಲು ತಲುಪುವ ಪೇದೆಗೆ ಸೆಕ್ಷನ್ 100 ಗೊತ್ತಿರಬೇಕು. ಅದಕ್ಕೆ ಹೊಸ ಕಾನೂನು ಬೇಕಿಲ್ಲ, ಇರುವ ಕಾನೂನಿನ ತರಬೇತಿ ಠಾಣೆಯವರೆಗೆ ತಲುಪಿದರೆ ಸಾಕು.

*(ಮಾನಸಿಕ ಒತ್ತಡ, ಆತ್ಮಹತ್ಯೆಯ ಯೋಚನೆ ಕಾಡುತ್ತಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ಆಪ್ತ ಸಮಾಲೋಚನೆ ಲಭ್ಯವಿದೆ. ಉಚಿತ ಕಾನೂನು ನೆರವಿಗೆ 15100, ತುರ್ತು ಪೊಲೀಸ್ ನೆರವಿಗೆ 112.)*